ದೊರೆತನದ ಅರ್ಥ

ಪಾಶ್ಚಾತ್ಯರು ನಿಸರ್ಗವನ್ನು ಸೂರೆಗೈದುದಕ್ಕೆ ಅವರ ಧರ್ಮಭಾವನೆಯೇ ಮೂಲವೆಂದು ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದರು. ಅವರ ಆಧಾರ ಬೈಬಲ್ಲಿನ ಸೃಷ್ಟಿಕಥೆ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಮನುಷ್ಯನಿಗೆ ಭೂಮಿಯ ಮೇಲೆ ದೊರೆತನ ಕೊಡುತ್ತಾನಷ್ಟೆ.

ಚರಿತ್ರೆಯ ಮಟ್ಟಿಗೆ ಈ ಆಕ್ಷೇಪಣೆಯಲ್ಲಿ ಹುರುಳಿದೆ. 1629ರಲ್ಲಿ ಜಾನ್ ವಿಂತ್ರಾಪ್ ಅಮೆರಿಕದಲ್ಲಿ ನೆಲೆಯೂರುವುದನ್ನು ಸಮರ್ಥಿಸಲು ಮುಂದಿಟ್ಟುದು ಈ ವಚನವನ್ನೇ. ಹೀಬ್ರೂ ಮೂಲದ ‘ರಾದಾ’ ಎಂಬ ಕ್ರಿಯಾಪದವೂ ಕಠಿನವಾದುದೇ. ಅದನ್ನು ಮೆದುಗೊಳಿಸಿ ಹೇಳುವುದು ಪ್ರಾಮಾಣಿಕತೆಯಲ್ಲ.

ಆದರೆ ಗ್ರಂಥವನ್ನು ಮುಂದೆ ಓದಬೇಕು. ದೊರೆತನ ಕೊಟ್ಟ ಮರುವಚನದಲ್ಲಿಯೇ ಮನುಷ್ಯನ ಆಹಾರಕ್ಕೆ ಗೊತ್ತಾಗುವುದು ಬೀಜ ಬಿಡುವ ಪೈರು, ಹಣ್ಣುಗಳು ಮಾತ್ರ. ಮಾಂಸಕ್ಕೆ ಅಪ್ಪಣೆ ದೊರೆಯುವುದು ಜಲಪ್ರಳಯದ ಅನಂತರ, ಒಂಬತ್ತನೆಯ ಅಧ್ಯಾಯದಲ್ಲಿ. ಅಂದರೆ ಮೊದಲ ಮನುಷ್ಯ ತನ್ನ ಪ್ರಜೆಗಳನ್ನು ಕೊಂದು ತಿನ್ನುವ ಹಕ್ಕಿಲ್ಲದ ದೊರೆ! ಎರಡನೆಯ ಅಧ್ಯಾಯದಲ್ಲಂತೂ ಅವನು ತೋಟವನ್ನು ಕಾಯುವ ಆಳು. ಅಲ್ಲಿ ‘ವ್ಯವಸಾಯ ಮಾಡು’ ಎಂಬುದಕ್ಕೆ ಬಳಸಿರುವ ಮೂಲಪದಕ್ಕೆ ‘ಸೇವೆ ಮಾಡು’ ಎಂಬ ಅರ್ಥವೂ ಉಂಟು.

ಭೂಮಿಯನ್ನು ದೋಚಿದವರು ಈ ಕಥೆಯನ್ನು ಅರ್ಧ ಓದಿದರು. ಗ್ರಂಥವನ್ನು ದೂರಿದವರೂ ಅದೇ ಅರ್ಧವನ್ನು ಓದಿದರೆ ನಷ್ಟ ಭೂಮಿಗೇ. ಅದರ ಪರವಾಗಿ ನುಡಿಯಬಲ್ಲ ಸಾಕ್ಷಿ ಉಳಿದರ್ಧದಲ್ಲಿದೆ.