‘ಬೇಡ’ ಇಲ್ಲದ ಕಾರ್ಡು

ವಿಶೇಷ ಶಿಕ್ಷಣದ ತರಗತಿಗಳಲ್ಲಿ ‘ಮೊದಲು–ಆಮೇಲೆ’ ಕಾರ್ಡಿಗೆ ಇರುವ ಮರ್ಯಾದೆ ಅದರ ಯೋಗ್ಯತೆಗಿಂತ ಹೆಚ್ಚು. ಎಡಗಡೆ ಮಾಡಬೇಕಾದ ಕೆಲಸದ ಚಿತ್ರ, ಬಲಗಡೆ ಮಗುವಿಗೆ ಇಷ್ಟವಾದದ್ದರ ಚಿತ್ರ. ಇದರ ಹಿಂದಿನ ತತ್ವವನ್ನು ಮನೋವಿಜ್ಞಾನಿ ಡೇವಿಡ್ ಪ್ರಿಮ್ಯಾಕ್ 1959ರಲ್ಲಿ ಶಾಸ್ತ್ರವಾಗಿಸಿದ; ಪಲ್ಯ ಮುಗಿಸಿದರೆ ಪಾಯಸ ಎನ್ನುವ ನಮ್ಮ ಅಜ್ಜಿಯರಿಗೆ ಅದು ಮೊದಲೇ ಗೊತ್ತಿತ್ತು. ಮಾತು ಬಾರದ, ಏನು ಹೇಳಿದರೂ ಕೊಸರಿಕೊಳ್ಳುವ ಆಟಿಸಂ ಮಗುವಿಗೂ ಇದೇ ಮದ್ದು ಎನ್ನುತ್ತಾರಲ್ಲ, ತಕರಾರು ಇರುವುದು ಅಲ್ಲಿ.

ಬೆಂಗಳೂರಿನ ಒಂದು ತರಗತಿಯಲ್ಲಿ ಕಂಡದ್ದು. ಹುಡುಗನಿಗೆ ಲೋಟದಿಂದ ಲೋಟಕ್ಕೆ ನೀರು ಸುರಿಯುವುದೆಂದರೆ ಪ್ರಾಣ. ಕಾರ್ಡಿನಲ್ಲಿ ಮೊದಲು ಮಣಿ, ಆಮೇಲೆ ನೀರು. ‘ಮಣಿ ಪೋಣಿಸೋಣ್ವಾ?’ ಎಂದರು ಮಿಸ್. ಅವನು ಕಾರ್ಡನ್ನು ಮೆಲ್ಲಗೆ ಬೋರಲು ಹಾಕಿದ. ಅವರು ತಿರುಗಿಸಿಟ್ಟರು. ಅವನು ಅದನ್ನು ಚಾಪೆಯಡಿ ಸರಿಸಿದ. ಅವರು ಹೊರತೆಗೆದರು. ಮೂರನೇ ಸಲ ತನ್ನ ಮುಂಗೈಯನ್ನೇ ಕಚ್ಚಿಕೊಂಡ. ಪುಸ್ತಕದಲ್ಲಿ ದಾಖಲಾಯಿತು: ಅಸಹಕಾರ, ಮೂರು ಬಾರಿ.

ಆ ‘ಪೋಣಿಸೋಣ್ವಾ’ ಎಂಬ ಪದವನ್ನೇ ಬಿಡಿಸಿ ನೋಡಿ. ಕನ್ನಡದಲ್ಲಿ ಆಜ್ಞೆಗೆ ಬರಿಯ ಧಾತು ಸಾಕು: ಕೂರು, ಪೋಣಿಸು. ಒರಟಾದರೂ ಅದು ಪ್ರಾಮಾಣಿಕ. ‘ಓಣ’ ಸೇರಿದರೆ ಹೇಳುವವರೂ ಜೊತೆಗಿದ್ದಾರೆಂದು ಅರ್ಥ. ಮಿಸ್ ಕೈಯಲ್ಲಿ ದಾರವೇ ಇರಲಿಲ್ಲ. ಕೊನೆಗೊಂದು ‘ಆ’ ಸೇರಿದರೆ ಅದು ಪ್ರಶ್ನೆ. ಆದರೆ ಬೇಡ ಎಂಬ ಉತ್ತರಕ್ಕೆ ಜಾಗವಿರಲಿಲ್ಲ. ಕಾರ್ಡಿನಲ್ಲೂ ಅಷ್ಟೇ: ಎರಡು ಚೌಕ, ಎರಡೂ ದೊಡ್ಡವರು ಆರಿಸಿದ್ದು. ಬಾಯಿದ್ದ ಮಗುವಿಗೆ ಬೇಡ, ಒಲ್ಲೆ, ಸಾಕು, ಆಮೇಲೆ ಎಂದು ಎಷ್ಟೊಂದು ದಾರಿ. ಈ ಹುಡುಗನಿಗೆ ಇದ್ದದ್ದು ಕಾರ್ಡಿನ ಬೆನ್ನು ಒಂದೇ. ಅದಕ್ಕೇ ಬೋರಲು ಹಾಕಿದ.

ಇಲ್ಲಿ ಪಂಡಿತರ ಜಗಳ ಶುರು. ಬೇಡಿಕೆಗಳಿಂದ ತಪ್ಪಿಸಿಕೊಳ್ಳುವ ಈ ಸ್ವಭಾವಕ್ಕೆ 1980ರ ದಶಕದಲ್ಲಿ ಹೆಸರಿಟ್ಟವರು ನಾಟಿಂಗ್‌ಹ್ಯಾಮಿನ ಮನೋವಿಜ್ಞಾನಿ ಎಲಿಜಬೆತ್ ನ್ಯೂಸನ್. ವೈದ್ಯರ ಕೈಪಿಡಿಗಳಾದ ಡಿಎಸ್‌ಎಂ–5ರಲ್ಲಾಗಲಿ ಐಸಿಡಿ–11ರಲ್ಲಾಗಲಿ ಇದು ರೋಗನಿರ್ಣಯವಾಗಿ ಸೇರಿಲ್ಲ, ಆದ್ದರಿಂದ ಇದು ಬರೀ ಹಠ ಎನ್ನುವವರಿದ್ದಾರೆ. ಪುಸ್ತಕದಲ್ಲಿ ಹೆಸರಿಲ್ಲವೆಂದು ಕೈಮೇಲಿನ ಹಲ್ಲಿನ ಗುರುತು ಅಳಿಸಿಹೋಗುತ್ತದೆಯೇ? ಪ್ರತಿರೋಧವನ್ನು ರೋಗವೆನ್ನುವುದನ್ನೇ ಪ್ರಶ್ನಿಸಿದ ಡೇಮಿಯನ್ ಮಿಲ್ಟನ್ ಸ್ವತಃ ಆಟಿಸಂ ಇರುವ ವಿದ್ವಾಂಸರು; ಅವರ ಮಾತಿಗೆ ತೂಕವಿದೆ. ಆದರೆ ಇಂಥ ಮಾತನ್ನು ಹಿಡಿದು ಏನನ್ನೂ ಕೇಳಲೇಬೇಡಿ ಎನ್ನುವವರು ಮಗುವಿಗೆ ಮಾತ್ರೆ ನುಂಗಿಸಿ, ಕೈಹಿಡಿದು ರಸ್ತೆ ದಾಟಿಸಿ ತೋರಿಸಲಿ. ಎರಡೂ ಕಡೆಯವರು ಮರೆತದ್ದೊಂದಿದೆ. ನೆಪ ಹೇಳುವುದು, ಮಾತು ತಿರುಗಿಸುವುದು ಎಂದು ನ್ಯೂಸನ್ ಗುರುತಿಸಿದ ಉಪಾಯಗಳು ಬಹುಪಾಲು ಬಾಯಿಮಾತಿನವು. ಮಾತಿಲ್ಲದವನಿಗೆ ನೆಪ ಹೇಳುವ ಸುಖವೂ ಇಲ್ಲ.

ಈ ಜಗಳದಲ್ಲಿ ಮೂಲೆಗೆ ಬಿದ್ದದ್ದು ಮನೋವಿಜ್ಞಾನಿಗಳಾದ ಕಾರ್ ಮತ್ತು ಡ್ಯುರಾಂಡ್ 1985ರಲ್ಲಿ ತೋರಿಸಿದ ಪಾಠ. ಕಷ್ಟದ ಕೆಲಸ ಬಂದಾಗ ಕೂಗಾಡುತ್ತಿದ್ದ ಮಕ್ಕಳಿಗೆ ಸಹಾಯ ಕೇಳಲು ಕಲಿಸಿದರು, ಕೂಗಾಟ ಇಳಿಯಿತು. ಅವರು ನೋಡಿದ್ದು ನಾಲ್ಕೇ ಮಕ್ಕಳನ್ನು. ಆದರೂ ತಪ್ಪಿಸಿಕೊಳ್ಳುವ ನಡೆಯೂ ಒಂದು ಮಾತು, ಅದಕ್ಕೆ ಸುಲಭದ ರೂಪ ಕೊಡಿ ಎಂಬ ವಿವೇಕ ಅಲ್ಲಿದೆ.

ಮುಂದೇನಾಗುತ್ತದೆಂದು ತಿಳಿಯದೆ ಕಂಗೆಡುವ ಮಗುವಿಗೆ ‘ಮೊದಲು–ಆಮೇಲೆ’ ಕಾರ್ಡು ವೇಳಾಪಟ್ಟಿಯಾಗಿ ಉಪಕಾರಿ, ಒಪ್ಪೋಣ. ಒಪ್ಪಿಗೆ ವಸೂಲಿಗೆ ನಿಂತರೆ ಅದು ಸಾಲದ ನೋಟೀಸು. ಅದರ ಪಕ್ಕ ‘ಬೇಡ’, ‘ಸಹಾಯ’, ‘ಆಮೇಲೆ’ ಎಂಬ ಮೂರು ಚಿತ್ರ ಅಂಟಿಸಿ. ಮೊದಮೊದಲು ಮಗು ಅವನ್ನು ಮುಟ್ಟಿದಾಗಲೆಲ್ಲ ಅದರ ಮಾತು ನಡೆಯಲಿ. ಮಿಸ್ ತಾವೇ ದಾರ ಹಿಡಿದು, ‘ಅರೆ, ಒಂದು ಕೆಂಪು ಮಣಿ ಉಳೀತಲ್ಲ’ ಎಂದು ಸುಮ್ಮನಾಗಲಿ.

ವಿನಂತಿಗೆ ಶಾಂತವಾಗಿ ಸ್ಪಂದಿಸುವುದೇ ಗುರಿಯಾಗಿದ್ದರೆ ಆ ಹುಡುಗ ಅದನ್ನು ಅಂದೇ ಎರಡು ಸಲ ಮುಟ್ಟಿದ್ದ. ಪುಸ್ತಕದಲ್ಲಿ ಮೊದಲ ಎರಡು ‘ಅಸಹಕಾರ’ಗಳನ್ನು ಹೊಡೆದುಹಾಕಿ, ‘ಶಾಂತವಾಗಿ ಉತ್ತರಿಸಿದ’ ಎಂದು ತಿದ್ದಬೇಕು.