ಕನ್ನದ ಚಿತ್ರಗಳು

ರಾತ್ರಿ ಮಲಗುವ ಮುನ್ನ ಬಾಗಿಲ ಅಗುಳಿಯನ್ನು ಎರಡು ಸಲ ಮುಟ್ಟಿ ನೋಡುವ ಸಂಭಾವಿತ ಗೃಹಸ್ಥರೇ, ತೆರೆಯ ಮೇಲೆ ಬೇರೊಬ್ಬನ ತಿಜೋರಿಗೆ ಕನ್ನ ಬೀಳುವಾಗ ಉಸಿರು ಬಿಗಿಹಿಡಿದು ಕಳ್ಳರ ಕ್ಷೇಮವನ್ನು ಹಾರೈಸುತ್ತ ಕುಳಿತಿರುತ್ತಾರೆ. ಪಹರೆಯವನ ಹೆಜ್ಜೆಯ ಸಪ್ಪಳ ಹತ್ತಿರವಾದರೆ ಅವರ ಎದೆ ಹೊಡೆದುಕೊಳ್ಳುತ್ತದೆ. ಅವನು ಹಿಂತಿರುಗಿ ಹೋದರೆ ಸಮಾಧಾನದ ಉಸಿರು ಬಿಡುತ್ತಾರೆ. ಕೊಲೆಯ ಕಥೆಯಲ್ಲಿ ನಾವು ಸಾಮಾನ್ಯವಾಗಿ ಹಿಡಿಯುವವರ ಪಕ್ಷ. ಈ ಒಂದು ಜಾತಿಯ ಚಿತ್ರದಲ್ಲಿ ಮಾತ್ರ ಕದಿಯುವವರ ಪಕ್ಷ. ಇದೇಕೆ ಹೀಗೆ?

ದುಡ್ಡಿನ ಆಸೆ ಎಂದುಬಿಡುವುದು ಸುಲಭ. ಆದರೆ ಇಂಥ ಚಿತ್ರಗಳಲ್ಲಿ ಗಂಟು ಕೈಗೆ ಬಂದ ಕ್ಷಣದಿಂದಲೇ ನಮ್ಮ ಆಸಕ್ತಿ ಇಳಿಯತೊಡಗುತ್ತದೆ. ಕಳ್ಳರು ಆ ಹಣವನ್ನು ಹೇಗೆ ವೆಚ್ಚ ಮಾಡಿದರೆಂದು ತಿಳಿಯುವ ಕುತೂಹಲ ಯಾರಿಗೂ ಇಲ್ಲ. ಶ್ರೀಮಂತರ ಮೇಲಿನ ಅಸೂಯೆ ಎಂದರೂ ಮಾತು ಪೂರ್ಣವಾಗುವುದಿಲ್ಲ. ಅಷ್ಟಕ್ಕೇ ಆದರೆ ಹಾಡುಹಗಲಿನ ದರೋಡೆಯೇ ಸಾಕಾಗಿತ್ತು. ನಮಗೆ ಬೇಕಾಗಿರುವುದು ಹಣವಲ್ಲ, ಕನ್ನ.

ಈ ರುಚಿ ಸಿನಿಮಾ ಕಲಿಸಿದ್ದೇನಲ್ಲ. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕವನ್ನು ನೆನೆಯಿರಿ. ಶರ್ವಿಲಕನು ಚಾರುದತ್ತನ ಮನೆಯ ಗೋಡೆಯ ಮುಂದೆ ನಿಂತು, ಯಾವ ಆಕಾರದ ಕನ್ನ ಕೊರೆದರೆ ಈ ಇಟ್ಟಿಗೆಗೆ ಒಪ್ಪೀತೆಂದು ಶಿಲ್ಪಿಯಂತೆ ಆಲೋಚಿಸುತ್ತಾನೆ. ಕಮಲದಂತೆಯೊ, ಸೂರ್ಯನಂತೆಯೊ, ಬಾಲಚಂದ್ರನಂತೆಯೊ ಎಂದೆಲ್ಲ ಲೆಕ್ಕ ಹಾಕಿ ಕಡೆಗೆ ಪೂರ್ಣಕುಂಭವನ್ನು ಆರಿಸುತ್ತಾನೆ. ಅಳತೆಯ ದಾರ ಮರೆತು ಬಂದಿದೆ. ಕೊರಳ ಜನಿವಾರವನ್ನೇ ಅಳತೆಗೆ ಹಿಡಿಯುತ್ತಾನೆ. ಹಳೆಯ ಬಾಗಿಲು ಕಿರುಗುಟ್ಟದಿರಲೆಂದು ನೀರು ಚಿಮುಕಿಸುತ್ತಾನೆ; ದೀಪ ಆರಿಸಲು ಹುಳುವೊಂದನ್ನು ಬಿಡುತ್ತಾನೆ. ಬೆಳಗಾದ ಮೇಲೆ ಮನೆಯೊಡೆಯ ಚಾರುದತ್ತನು ಗೋಡೆಯನ್ನು ನೋಡಿ ಆಡುವ ಮೊದಲ ಮಾತು ಗೋಳಾಟದ್ದಲ್ಲ, ಮೆಚ್ಚಿಕೆಯದು. ಎಷ್ಟು ಅಂದವಾದ ಕನ್ನ ಎಂದು ಅವನು ಬೆರಗಾಗುತ್ತಾನೆ! ಇಂದಿನ ಚಿತ್ರಮಂದಿರದಲ್ಲಿ ಕುಳಿತ ಪ್ರೇಕ್ಷಕನಿಗೆ ಇವನೇ ಮೂಲಪುರುಷ ಎನ್ನಬೇಕು. ಕನ್ನಡಿಗರಾದ ಗಿರೀಶ ಕಾರ್ನಾಡರು ಈ ನಾಟಕವನ್ನು ಆಧರಿಸಿ ೧೯೮೪ರಲ್ಲಿ ಹಿಂದಿಯಲ್ಲಿ ತೆಗೆದ ‘ಉತ್ಸವ್’ ಚಿತ್ರದಲ್ಲಿ ಕಳ್ಳನ ಪಾತ್ರ ಶಂಕರ್‌ನಾಗ್ ಅವರ ಪಾಲಿಗೆ ಬಂದಿತ್ತು.

ಚಾರುದತ್ತನು ಕಂಡದ್ದು ಅಚ್ಚುಕಟ್ಟಾಗಿ ಮುಗಿದ ಒಂದು ಕೆಲಸವನ್ನು. ಬೆಳಗಿನಿಂದ ಸಂಜೆಯವರೆಗೆ ಕಡತಕ್ಕೆ ಟಿಪ್ಪಣಿ ಬರೆದು ಮೇಲಕ್ಕೆ ಕಳುಹಿಸುವವನಿಗೆ ತನ್ನ ಕೆಲಸದ ಆದಿಯೂ ಕಾಣುವುದಿಲ್ಲ, ಅಂತ್ಯವೂ ಕಾಣುವುದಿಲ್ಲ. ತಾನಿಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ ಎಂದು ಎದೆ ತಟ್ಟಿಕೊಳ್ಳುವ ಭಾಗ್ಯ ಅವನಿಗೆಲ್ಲಿ? ಕನ್ನದ ಚಿತ್ರದಲ್ಲಿ ನಾಲ್ವರಿರುತ್ತಾರೆ. ನಾಲ್ವರಿಗೂ ಒಂದೊಂದು ವಿದ್ಯೆ. ಒಬ್ಬನ ಕೈ ತಪ್ಪಿದರೆ ನಾಲ್ವರೂ ಕೆಟ್ಟರು. ಮೇಲಧಿಕಾರಿ ಇಲ್ಲ, ಶಿಫಾರಸು ನಡೆಯುವುದಿಲ್ಲ. ಗೋಡೆ ಬಿತ್ತೊ ಇಲ್ಲವೊ ಎಂಬುದೊಂದೇ ಪರೀಕ್ಷೆ. ನಮ್ಮ ಕಚೇರಿಗಳಲ್ಲಿ ಕಾಣದ ಈ ನ್ಯಾಯ ಕಳ್ಳರ ಗುಂಪಿನಲ್ಲಿ ಕಾಣುತ್ತದೆಂಬುದು ನಗಬೇಕಾದ ಮಾತೊ ಅಳಬೇಕಾದ ಮಾತೊ ತಿಳಿಯದು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಜೂಲ್ಸ್ ಡಸಿನ್. ೧೯೫೫ರಲ್ಲಿ ಪ್ಯಾರಿಸ್ಸಿನಲ್ಲಿ ಆತ ತೆಗೆದ ‘ರಿಫಿಫಿ’ಯನ್ನು ನೋಡದೆ ಈ ಜಾತಿಯ ಚಿತ್ರಗಳ ವಿಷಯ ಮಾತಾಡುವುದೇ ವ್ಯರ್ಥ. ಒಡವೆಯ ಅಂಗಡಿಯ ಮೇಲಣ ಮನೆಯೊಳಕ್ಕೆ ನಾಲ್ವರು ನುಗ್ಗುತ್ತಾರೆ. ಅಲ್ಲಿಂದ ಸುಮಾರು ಅರ್ಧ ಗಂಟೆಯ ಕಾಲ ತೆರೆಯ ಮೇಲೆ ಒಂದು ಮಾತಿಲ್ಲ, ಸಂಗೀತದ ಒಂದು ಎಳೆಯಿಲ್ಲ. ಸಂಗೀತಗಾರ ಜಾರ್ಜ್ ಓರಿಕ್ ಈ ಭಾಗಕ್ಕೆಂದು ಸಂಗೀತವನ್ನು ರಚಿಸಿಯೂ ಇದ್ದನು. ಡಸಿನ್ ಅವನಿಗೆ ಒಂದು ಸಲ ಸಂಗೀತದೊಡನೆ, ಇನ್ನೊಂದು ಸಲ ಸಂಗೀತವಿಲ್ಲದೆ ತೋರಿಸಿದಾಗ, ಬೇಡವೆಂದು ಅವನೇ ಒಪ್ಪಿದನು. ತನ್ನ ಕೃತಿಯನ್ನು ತಾನೇ ತೆಗೆಸಿಹಾಕುವ ಸಂಗೀತಗಾರರು ನಮ್ಮಲ್ಲಿಯೂ ಕೆಲವರಿದ್ದಿದ್ದರೆ ಎಂದು ಆಸೆಯಾಗುತ್ತದೆ.

ಆ ಅರ್ಧ ಗಂಟೆಯಲ್ಲಿ ಏನಾಗುತ್ತದೆ? ನೆಲದಲ್ಲಿ ಒಂದು ಸಣ್ಣ ತೂತು. ಆ ತೂತಿನಿಂದ ಮಡಿಸಿದ ಕೊಡೆಯೊಂದನ್ನು ಕೆಳಕ್ಕಿಳಿಸಿ ಅಲ್ಲಿಯೇ ಬಿಚ್ಚುತ್ತಾರೆ. ಮೇಲಿನಿಂದ ಅಗೆದ ಗಾರೆಯೆಲ್ಲ ಅಂಗಡಿಯ ನೆಲಕ್ಕೆ ಬೀಳದೆ ಕೊಡೆಯಲ್ಲಿ ಶೇಖರವಾಗುತ್ತದೆ. ಸ್ವಲ್ಪ ಅದುರಿದರೂ ಕೂಗುವ ಎಚ್ಚರಿಕೆಯ ಗಂಟೆ. ಅದರ ಬಾಯಿಗೆ ಬೆಂಕಿಯಾರಿಸುವ ಯಂತ್ರದ ನೊರೆಯನ್ನು ತುಂಬಿ ಮೂಕವಾಗಿಸುತ್ತಾರೆ. ಕೊಡೆಯೆಂಥ ಸಾಧಾರಣ ವಸ್ತುವೂ ಇಲ್ಲಿ ಹೊಸದಾಗಿ ಕಾಣುತ್ತದೆ. ಈ ಚಿತ್ರ ಜನರಿಗೆ ಕಳ್ಳತನ ಕಲಿಸೀತೆಂಬ ಆಕ್ಷೇಪಣೆಯುಂಟು. ನನ್ನ ಮಟ್ಟಿಗೆ ಇದನ್ನು ನೋಡಿದವನು ಕಳ್ಳತನಕ್ಕಿಂತ ನೌಕರಿಯೇ ಲೇಸೆಂದು ಮನೆಗೆ ಹೋದಾನು. ಅಷ್ಟು ಬೆವರು ಅದರಲ್ಲಿದೆ.

ಕನ್ನ ಮುಗಿದ ಮೇಲೂ ಚಿತ್ರ ಜೀವ ಕಳೆದುಕೊಳ್ಳದಿರುವುದೇ ‘ರಿಫಿಫಿ’ಯ ಹೆಚ್ಚುಗಾರಿಕೆ. ಗುಂಪಿನ ಬೀಗತಜ್ಞ ಸೆಸಾರ್, ಹಾಡುಗಾತಿಯೊಬ್ಬಳ ಮೋಹಕ್ಕೆ ಸಿಕ್ಕು ಕದ್ದ ಉಂಗುರವೊಂದನ್ನು ಅವಳಿಗೆ ಕೊಡುತ್ತಾನೆ. ಅದರಿಂದ ಸುಳಿವು ಹತ್ತಿದ ಎದುರಾಳಿಗಳು ಅವನನ್ನು ಹಿಡಿದಾಗ ಹೆದರಿ ಗೆಳೆಯನ ಹೆಸರು ಹೇಳಿಬಿಡುತ್ತಾನೆ. ಗುಂಪಿನ ಹಿರಿಯ ಟೋನಿ ಅವನನ್ನು ಕಂಬಕ್ಕೆ ಕಟ್ಟಿದ ಸ್ಥಿತಿಯಲ್ಲಿ ಕಾಣುತ್ತಾನೆ. ತನಗೆ ಅವನು ಪ್ರಿಯನೆಂಬುದನ್ನು ಮುಚ್ಚಿಡದೆಯೇ, ನಿಯಮ ನಿಯಮವೆಂದು ಗುಂಡು ಹಾರಿಸುತ್ತಾನೆ. ಸೆಸಾರನ ಪಾತ್ರ ವಹಿಸಿದವನು ಬೇರೆ ಹೆಸರಿಟ್ಟುಕೊಂಡ ಡಸಿನ್ನೇ. ಅಮೆರಿಕದಲ್ಲಿ ಕಮ್ಯೂನಿಸ್ಟರ ಬೇಟೆ ನಡೆದಾಗ, ೧೯೫೧ರಲ್ಲಿ, ಸಹೋದ್ಯೋಗಿಯೊಬ್ಬ ವಿಚಾರಣಾ ಸಮಿತಿಯ ಮುಂದೆ ಡಸಿನ್ನನ ಹೆಸರು ಹೇಳಿದ್ದನು. ಕೆಲಸ ತಪ್ಪಿ, ದೇಶ ಬಿಟ್ಟು, ವರ್ಷಗಟ್ಟಲೆ ಚಿತ್ರವಿಲ್ಲದೆ ಅಲೆದ ಮೇಲೆ ಅವನ ಕೈಗೆ ಬಂದದ್ದು ಈ ಅಲ್ಪ ಬಂಡವಾಳದ ಚಿತ್ರ. ಹೆಸರು ಹೇಳುವವನ ಪಾತ್ರವನ್ನು ತಾನೇ ಧರಿಸಿ ಗುಂಡಿಗೆ ಎದೆಯೊಡ್ಡಿದ ಆ ದೃಶ್ಯದಲ್ಲಿ ದ್ವೇಷವಿದೆಯೊ ಕ್ಷಮೆಯಿದೆಯೊ ನನಗೆ ಇನ್ನೂ ಬಗೆಹರಿದಿಲ್ಲ. ಒಂದು ಮಾತನ್ನು ಮಾತ್ರ ಮರೆಸಬಾರದು: ಮೊದಲ ಭಾಗದಲ್ಲಿ ಟೋನಿ ತನ್ನ ಹಳೆಯ ಪ್ರೇಯಸಿಯನ್ನು ಬೆಲ್ಟಿನಿಂದ ಹೊಡೆಯುವ ದೃಶ್ಯ ಅಸಹ್ಯವಾದುದು; ಚಿತ್ರ ಅದನ್ನು ಅಸಹ್ಯವೆಂದು ಪೂರ್ತಿ ಒಪ್ಪುವುದೂ ಇಲ್ಲ.

ಇದಕ್ಕೆ ಐದು ವರ್ಷ ಹಿಂದೆ, ೧೯೫೦ರಲ್ಲಿ, ಜಾನ್ ಹ್ಯೂಸ್ಟನ್ ‘ದಿ ಆಸ್ಫಾಲ್ಟ್ ಜಂಗಲ್’ ತೆಗೆದಿದ್ದನು. ಆಗ ಹಾಲಿವುಡ್ಡಿನಲ್ಲಿ ಒಂದು ಸಂಹಿತೆ ಬಲವಾಗಿತ್ತು: ಅಪರಾಧಿ ಗೆದ್ದುಹೋಗುವಂತೆ ತೋರಿಸಕೂಡದು. ೧೯೬೮ರವರೆಗೆ ಅದು ಹೆಸರಿಗಾದರೂ ಉಳಿದಿತ್ತು. ಸಾಮಾನ್ಯ ನಿರ್ದೇಶಕರು ಕಡೆಯ ಹತ್ತು ನಿಮಿಷದಲ್ಲಿ ಪೋಲೀಸರನ್ನು ಕರೆಸಿ ಈ ಋಣ ತೀರಿಸಿದರು. ಹ್ಯೂಸ್ಟನ್ ಹಾಗೆ ಮಾಡಲಿಲ್ಲ; ಸೋಲು ಮನುಷ್ಯನ ಸ್ವಭಾವದೊಳಗಿಂದಲೇ ಹುಟ್ಟುವಂತೆ ಮಾಡಿದನು. ಸ್ಯಾಮ್ ಜ್ಯಾಫೆ ಅಭಿನಯಿಸಿದ ಮುದುಕ ‘ಡಾಕ್ಟರ್’ ಎಲ್ಲವನ್ನೂ ಗಡಿಯಾರದಂತೆ ಲೆಕ್ಕ ಹಾಕಿದವನು. ತಪ್ಪಿಸಿಕೊಂಡು ಊರು ಬಿಡುವ ದಾರಿಯಲ್ಲಿ ಹೋಟೆಲೊಂದರಲ್ಲಿ ಹುಡುಗಿಯೊಬ್ಬಳು ಹಾಡಿನ ಯಂತ್ರಕ್ಕೆ ಕುಣಿಯುವುದನ್ನು ನೋಡುತ್ತ ಕುಳಿತುಬಿಡುತ್ತಾನೆ. ಇನ್ನೊಂದು ಹಾಡಿಗೆ ಕಾಸನ್ನೂ ಅವನೇ ಕೊಡುತ್ತಾನೆ. ಆ ಕೆಲವು ನಿಮಿಷಗಳಲ್ಲಿ ಪೋಲೀಸರು ಬಂದು ನಿಂತಿರುತ್ತಾರೆ. ಸ್ಟ್ಯಾನ್ಲಿ ಕ್ಯೂಬ್ರಿಕ್‌ನ ‘ದಿ ಕಿಲ್ಲಿಂಗ್’ (೧೯೫೬) ಕಥೆಯನ್ನು ಹಿಂದುಮುಂದಾಗಿ ಹೇಳುವ ಜಾಣ್ಮೆಗೆ ಹೆಸರಾದುದು. ವಿಮಾನ ನಿಲ್ದಾಣದಲ್ಲಿ ಪುಟ್ಟ ನಾಯಿಯೊಂದರ ದೆಸೆಯಿಂದ ಪೆಟ್ಟಿಗೆ ಬಿದ್ದು ನೋಟುಗಳೆಲ್ಲ ಗಾಳಿಪಾಲಾಗುವ ಕೊನೆ ನೋಡತಕ್ಕದ್ದೇ. ಆದರೂ ಆ ನಾಯಿ ಹೊರಗಿನಿಂದ ಬಂದದ್ದು. ಹ್ಯೂಸ್ಟನ್ನನ ಮುದುಕನ ಆಸೆ ಒಳಗಿನಿಂದ ಬಂದದ್ದು. ನನಗೆ ಎರಡನೆಯದೇ ಹೆಚ್ಚು.

ಸಂಹಿತೆ ಹೋದ ಮೇಲೆ ಕಳ್ಳರಿಗೆ ಗೆಲ್ಲುವ ಸ್ವಾತಂತ್ರ್ಯ ಬಂದಿತು. ಚಿತ್ರಗಳಿಗೆ ಬಂದದ್ದು ಮಾತ್ರ ಒಂದು ಬಗೆಯ ಹಗುರ. ೧೯೬೪ರಲ್ಲಿ ಸ್ವತಃ ಡಸಿನ್ನೇ ‘ಟೋಪ್‌ಕಾಪಿ’ ತೆಗೆದು ದಾರಿ ತೋರಿಸಿಬಿಟ್ಟಿದ್ದನೆನ್ನಬಹುದು. ಇಸ್ತಾಂಬುಲಿನ ಅರಮನೆಯಲ್ಲಿನ ಪಚ್ಚೆಯ ಬಾಕು, ಮುಟ್ಟಿದರೆ ಕೂಗುವ ನೆಲ, ಮೇಲಿನ ಕಿಟಕಿಯಿಂದ ಹಗ್ಗದಲ್ಲಿ ತೂಗಿಬಿಟ್ಟ ಮನುಷ್ಯ – ಮುಂದೆ ಬಂದ ಎಷ್ಟೋ ಚಿತ್ರಗಳಿಗೆ ಸಾಲ ಕೊಟ್ಟ ದೃಶ್ಯವಿದು. ಸೊಗಸಾಗಿದೆ, ಆದರೆ ಯಾರಿಗೂ ಏನೂ ನೋಯುವುದಿಲ್ಲ. ೨೦೦೧ರ ‘ಓಷನ್ಸ್ ಇಲೆವೆನ್’ನಲ್ಲಿ ಹನ್ನೊಂದು ಜನರಿದ್ದಾರೆ, ಹನ್ನೊಂದು ಅಂಗಿಗಳಲ್ಲಿ ಒಂದಾದರೂ ಬೆವರಿನಿಂದ ಒದ್ದೆಯಾಗುವುದಿಲ್ಲ. ಕಳೆದುಕೊಳ್ಳುವವನು ಜೂಜುಮಂದಿರಗಳ ಒಡೆಯ. ಅವನ ಮೇಲೆ ಕನಿಕರ ಪಡುವ ಅಗತ್ಯವೇ ಬಾರದಂತೆ ಮೊದಲೇ ಏರ್ಪಾಡು ಮಾಡಿದ್ದಾರೆ. ಶೂದ್ರಕ ಇಂಥ ರಿಯಾಯಿತಿಯನ್ನು ಕೊಡಲಿಲ್ಲ. ಕನ್ನವನ್ನು ಮೆಚ್ಚಿದ ಚಾರುದತ್ತನಿಗೆ, ಹೋದದ್ದು ವಸಂತಸೇನೆ ನಂಬಿ ಇರಿಸಿದ್ದ ಒಡವೆಯ ಕರಂಡಕವೆಂದು ತಿಳಿದೊಡನೆ ಪ್ರಜ್ಞೆಯೇ ತಪ್ಪುತ್ತದೆ. ಬಡವನ ಮಾತನ್ನು ಯಾರು ನಂಬುತ್ತಾರೆ? ಗಂಡನ ಮಾನ ಕಾಯಲು ಅವನ ಹೆಂಡತಿ ತವರಿನಿಂದ ಬಂದಿದ್ದ ರತ್ನಮಾಲೆಯನ್ನು ತೆಗೆದುಕೊಡಬೇಕಾಗುತ್ತದೆ. ಕನ್ನದ ಅಂದವನ್ನೂ ಆ ಮಾಲೆಯನ್ನೂ ಒಂದೇ ಅಂಕದಲ್ಲಿ ತೋರಿಸುವ ಧೈರ್ಯ ಇಂದಿನ ಚಿತ್ರಗಳಲ್ಲಿ ಅಪರೂಪ.

ನಗಬೇಕೆನ್ನುವವರಿಗೆ ಮಾರಿಯೊ ಮೊನಿಚೆಲ್ಲಿಯ ಇಟಾಲಿಯನ್ ಚಿತ್ರ ‘ಇ ಸೊಲಿತಿ ಇಗ್ನೊತಿ’ (೧೯೫೮) ಇದೆ. ಇಂಗ್ಲಿಷಿನಲ್ಲಿ ‘ಬಿಗ್ ಡೀಲ್ ಆನ್ ಮಡೋನಾ ಸ್ಟ್ರೀಟ್’. ‘ರಿಫಿಫಿ’ಯನ್ನು ಅಣಕಿಸಲು ಹೊರಟ ಇದು ಅದರ ಪಕ್ಕದಲ್ಲೇ ನಿಲ್ಲಬಲ್ಲದು. ರೋಮಿನ ಬಡ ಕೇರಿಯ ಕೈಲಾಗದ ಕಳ್ಳರು. ಒಬ್ಬನ ಹೆಂಡತಿ ಜೈಲಿನಲ್ಲಿ, ಅವನ ಕಂಕುಳಲ್ಲಿ ಅಳುವ ಕೂಸು. ಹಾಸ್ಯನಟ ಟೊಟೊ ಮಹಡಿಯ ಮೇಲೆ ಬಟ್ಟೆ ಒಣಗಿಸುವ ಜಾಗದಲ್ಲಿ ಇವರಿಗೆ ತಿಜೋರಿ ಒಡೆಯುವ ಪಾಠ ಹೇಳುತ್ತಾನೆ. ಗಿರವಿ ಅಂಗಡಿಗೆಂದು ರಾತ್ರಿಯೆಲ್ಲ ಕೊರೆದ ಗೋಡೆ ಬೇರೆ ಗೋಡೆ. ಆಚೆಗೆ ಸಿಗುವುದು ಅದೇ ಮನೆಯ ಅಡಿಗೆಮನೆ. ಅಲ್ಲಿದ್ದ ಪಾಸ್ತಾ ಮತ್ತು ಕಡಲೆಕಾಳನ್ನು ಬಿಸಿಮಾಡಿ, ಮೇಜಿನ ಸುತ್ತ ಕುಳಿತು, ಗೊಣಗುತ್ತ, ಹೊಟ್ಟೆ ತುಂಬ ಉಣ್ಣುತ್ತಾರೆ. ಬೆಳಗಾಗುತ್ತದೆ. ಒಬ್ಬೊಬ್ಬರಾಗಿ ಚದರುತ್ತಾರೆ. ಪೋಲೀಸರ ಕಣ್ಣು ತಪ್ಪಿಸಲು ಹೋಗಿ ಅವರಲ್ಲೊಬ್ಬನು ಕಟ್ಟಡದ ಕೆಲಸಕ್ಕೆ ನಿಂತ ಕೂಲಿಗಳ ಗುಂಪಿನೊಳಗೆ ಸಿಕ್ಕಿಕೊಂಡು, ಅವರೊಡನೆ ಗೇಟಿನೊಳಕ್ಕೆ ತಳ್ಳಲ್ಪಡುತ್ತಾನೆ. ಹೊರಗೆ ನಿಂತ ಮುದುಕ ಜೊತೆಗಾರ, ಅಯ್ಯೋ, ಅಲ್ಲಿ ನಿನ್ನಿಂದ ಕೆಲಸ ಮಾಡಿಸಿಬಿಡುತ್ತಾರೆ ಎಂದು ಗಾಬರಿಯಿಂದ ಕೂಗುತ್ತಾನೆ.