ಅಂಗವೈಕಲ್ಯ ಮತ್ತು ಆಂಗಿಕ: ಸಮಕಾಲೀನ ನೃತ್ಯವನ್ನು ಕುರಿತ ಒಂದು ಟಿಪ್ಪಣಿ

ನಂದಿಕೇಶ್ವರನ 'ಅಭಿನಯದರ್ಪಣ'ವು ಅಂಗ, ಪ್ರತ್ಯಂಗ, ಉಪಾಂಗಗಳನ್ನು ವಿವರಿಸುವುದರ ಜೊತೆಗೆ ನರ್ತಿಸಬಾರದವರ ಹತ್ತು ಬಗೆಗಳನ್ನೂ ಪಟ್ಟಿ ಮಾಡುತ್ತದೆ. ಅತಿ ಸ್ಥೂಲ, ಅತಿ ಕೃಶ ದೇಹದವರೊಂದಿಗೆ ಗೂನುಬೆನ್ನಿನವಳೂ ಅಲ್ಲಿ ವರ್ಜ್ಯಳು. ಪಾಶ್ಚಾತ್ಯ ಬ್ಯಾಲೆಯು ದೇಹವನ್ನು ಆರಿಸಿಕೊಳ್ಳುವ ಕ್ರಮವೂ ಇದಕ್ಕಿಂತ ಉದಾರವಾದುದಲ್ಲ. ಹೀಗೆ ಹೊರಗುಳಿದ ದೇಹಗಳು ರಂಗವನ್ನೇರಿದಾಗ ನೃತ್ಯದ ಪರಿಭಾಷೆಯಲ್ಲಿ ಆಗುವ ಪಲ್ಲಟವನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲು ಒಂದು ವ್ಯತ್ಯಾಸವನ್ನು ಗುರುತಿಸಿಕೊಳ್ಳಬೇಕು. 1981ರ ಅಪಘಾತದಿಂದಾಗಿ ಬಲಗಾಲನ್ನು ಕಳೆದುಕೊಂಡ ಸುಧಾ ಚಂದ್ರನ್ ಅವರು ಜೈಪುರ ಕಾಲನ್ನು ತೊಟ್ಟು ಭರತನಾಟ್ಯಕ್ಕೆ ಮರಳಿದ್ದು ಅಸಾಧಾರಣ ಸಾಧನೆ. ಆದರೆ ಅಲ್ಲಿ ದೇಹವು ಪರಂಪರೆಯ ಅಳತೆಗೆ ತನ್ನನ್ನು ಮತ್ತೆ ಹೊಂದಿಸಿಕೊಂಡಿತೇ ಹೊರತು ಅಳತೆಗೋಲು ಪ್ರಶ್ನೆಗೊಳಗಾಗಲಿಲ್ಲ. ಅಳತೆಗೋಲನ್ನೇ ಪ್ರಶ್ನಿಸಿದ ಪ್ರಯೋಗಗಳಿಗೆ ಬ್ರಿಟನ್ನಿನ ಎರಡು ನಿದರ್ಶನಗಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

1973ರಲ್ಲಿ ಪ್ರದರ್ಶನದ ನಡುವೆಯೇ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಗಿ ಬಂದ ನರ್ತಕಿ ಸೆಲೆಸ್ಟ್ ಡ್ಯಾಂಡೆಕರ್, ಆಡಂ ಬೆಂಜಮಿನ್ ಅವರೊಡಗೂಡಿ 1991ರಲ್ಲಿ ಲಂಡನ್ನಿನಲ್ಲಿ 'ಕ್ಯಾಂಡೊಕೊ' ತಂಡವನ್ನು ಕಟ್ಟಿದರು. ಅಂಗವಿಕಲರೂ ಇತರರೂ ಒಟ್ಟಿಗೆ ನರ್ತಿಸುವ ಈ ತಂಡದಲ್ಲಿ ಪಳಗಿದವರು ಡೇವಿಡ್ ಟೂಲ್ (1964-2020). ಕಾಲುಗಳಿಲ್ಲದ ಟೂಲ್ ಅವರು ಲಾಯ್ಡ್ ನ್ಯೂಸನ್ ನಿರ್ದೇಶನದ 'ದಿ ಕಾಸ್ಟ್ ಆಫ್ ಲಿವಿಂಗ್' (2004) ಚಲನಚಿತ್ರದಲ್ಲಿ ಕೈಗಳ ಮೇಲೆಯೇ ನಡೆಯುತ್ತಾರೆ. ನರ್ತಕಿಯೊಬ್ಬಳೊಡನೆ ಯುಗಳನೃತ್ಯ ಮಾಡುತ್ತಾರೆ. ಹಸ್ತದಿಂದ ಅರ್ಥ, ಪಾದದಿಂದ ತಾಳ ಎಂಬುದು ಅಭಿನಯದರ್ಪಣದ ವಿಭಜನೆ. ಇಲ್ಲಿ ಹಸ್ತವೇ ಪಾದದ ಹೊಣೆಯನ್ನೂ ಹೊರುವುದರಿಂದ ಆ ವಿಭಜನೆ ಸಡಿಲಗೊಳ್ಳುತ್ತದೆ. ನೆಲವು ಬಿದ್ದವನ ಜಾಗವಾಗಿ ಉಳಿಯದೆ ಇಬ್ಬರು ಸಮಾನರು ಸಂಧಿಸುವ ಸ್ಥಾನವಾಗುತ್ತದೆ.

ಸ್ಕಾಟ್ಲೆಂಡಿನ ಕ್ಲೇರ್ ಕನಿಂಗ್ಹ್ಯಾಮ್ ಅವರ 'ಗಿವ್ ಮಿ ಎ ರೀಸನ್ ಟು ಲಿವ್' (2014) ಇನ್ನೂ ಕಠಿನವಾದ ಕೃತಿ. ಚಿತ್ರಕಾರ ಹಿರೋನಿಮಸ್ ಬಾಷ್ ಬಿಡಿಸಿದ ಅಂಗವಿಕಲ ಭಿಕ್ಷುಕರ ಆಕೃತಿಗಳು ಇದಕ್ಕೆ ಪ್ರೇರಣೆ. ಊರುಗೋಲುಗಳನ್ನೇ ನೃತ್ಯದ ಸಾಧನವಾಗಿಸಿಕೊಂಡಿರುವ ಕಲಾವಿದೆ, ಇಲ್ಲಿ ಅವುಗಳನ್ನು ಬಿಟ್ಟು ಪ್ರೇಕ್ಷಕರೆದುರು ಸುಮ್ಮನೆ ನಿಲ್ಲುತ್ತಾರೆ, ದೇಹ ನಡುಗುತ್ತದೆ. ನಮ್ಮ ಶಾಸ್ತ್ರದಲ್ಲಿ ಕಂಪವು ಸಾತ್ತ್ವಿಕ ಭಾವ. ಮನಸ್ಸಿನಲ್ಲಿ ಹುಟ್ಟಿ ದೇಹದಲ್ಲಿ ತೋರುವಂಥದು. ಇಲ್ಲಿನ ಕಂಪವಾದರೋ ಸ್ನಾಯುಗಳ ದುಡಿಮೆಯಿಂದ ಹುಟ್ಟಿ ನೋಡುವವರ ಮನಸ್ಸನ್ನು ತಲುಪುತ್ತದೆ. ನಿಲ್ಲುವುದೂ ಒಂದು ಕ್ರಿಯೆ ಎಂಬುದನ್ನು ಇಷ್ಟು ನಿಚ್ಚಳವಾಗಿ ಕಾಣಿಸುವ ಕೃತಿಗಳು ವಿರಳ.

ಇಂಥ ಪ್ರಯೋಗಗಳನ್ನು 'ಸ್ಫೂರ್ತಿದಾಯಕ' ಎಂಬ ಒಂದೇ ವಿಶೇಷಣದಲ್ಲಿ ಮುಗಿಸುವ ವಿಮರ್ಶೆ, ನೃತ್ಯವನ್ನು ಬಿಟ್ಟು ನರ್ತಕರ ಕಷ್ಟವನ್ನು ಮಾತ್ರ ನೋಡುತ್ತದೆ. ಮರುಕದಿಂದ ಕೊಡುವ ವಿನಾಯಿತಿಯೂ ಒಂದು ಬಗೆಯ ವರ್ಜನೆಯೇ. ಗೆದ್ದದ್ದನ್ನೂ ಸೋತದ್ದನ್ನೂ ಕಲೆಯ ನೆಲೆಯಲ್ಲಿಯೇ ತೂಗಿನೋಡಬೇಕು. ಅದಕ್ಕೆ ತಕ್ಕ ಪರಿಭಾಷೆಯನ್ನು ಕನ್ನಡದಲ್ಲಿ ರೂಪಿಸುವಾಗ ಆಂಗಿಕ, ಸಾತ್ತ್ವಿಕಗಳಂಥ ಹಳೆಯ ಪದಗಳನ್ನು ಕೈಬಿಡಬೇಕಾಗಿಲ್ಲ. ಈ ದೇಹಗಳೆದುರು ಅವುಗಳನ್ನು ಮರುಪರಿಶೀಲಿಸಬೇಕು. ಆ ದಿಕ್ಕಿನಲ್ಲಿ ಹೆಚ್ಚಿನ ಅಧ್ಯಯನಗಳು ನಡೆಯಬೇಕಾಗಿವೆ.